ಹನ್ನೊಂದನೆಯ ಕರೆ

"ಇವರೆಲ್ಲ ಯಾರು ಮೇಡಂ? ನಮ್ಮ ಕಡೆಯವರಂತೂ ಅಲ್ಲ," ಎನ್ನುತ್ತ ದಫೇದಾರರ ಹೆಂಡತಿ ಕಿಟಕಿಯ ಪರದೆ ಸರಿಸಿದರು. ಅವರ ಹಿಂದೆ ದಫೇದಾರರು ಬಿಳಿ ಬಟ್ಟೆಯಡಿ ಮಲಗಿದ್ದರು. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು.

ವರದಿ ಮೇಡಂ ಬಗ್ಗಿ ನೋಡಿದಳು. ಪೊಲೀಸರ ಯೋಜನೆಗಳನ್ನು ಅಳೆದು ಬರೆಯುವುದೇ ಅವಳ ಕೆಲಸವಾದ್ದರಿಂದ ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಅಂಗಳದಲ್ಲಿ ಒಂದು ಬಿಟ್ಟು ಒಂದು ಕುರ್ಚಿಯಲ್ಲಿ ಗಂಡಸರು ಕೂತಿದ್ದರು. ಮಾತಿಲ್ಲ, ಅಳುವಿಲ್ಲ. ಈ ಮುಖಗಳನ್ನು ಎಲ್ಲಿ ನೋಡಿದ್ದೆನೆಂದು ಆಗ ಹೊಳೆಯಿತು. ಎಲ್ಲರ ಫೋಟೋ ಅವಳ ಕಡತದಲ್ಲಿತ್ತು. ಒಬ್ಬ ಕಾರ್ಖಾನೆಯ ಬಾಗಿಲು ಹಾಕಿ ಬೆಂಕಿ ಇಡುತ್ತೇನೆಂದು ಬರೆದಿಟ್ಟವನು. ಇನ್ನೊಬ್ಬ ಬಸ್ ನಿಲ್ದಾಣದ ನಕ್ಷೆ ಜೇಬಲ್ಲಿಟ್ಟು ತಿರುಗಿದವನು. ಯಾರೂ ಇನ್ನೂ ಏನೂ ಮಾಡಿರಲಿಲ್ಲ. ಬೂದಿ ಮುಚ್ಚಿದ ಕೆಂಡಗಳು.

"ಅವರ ಕೆಲಸದ ಕಡೆಯವರಮ್ಮ."

"ನೋಡಿ, ಸತ್ತ ದಿನಾನೂ ಡ್ಯೂಟಿ ಬಿಡ್ಲಿಲ್ಲ ಈ ಮನುಷ್ಯ," ಎಂದು ನಗಲು ಹೋಗಿ ಆಕೆ ಅತ್ತುಬಿಟ್ಟರು.

*

"ದಿನಾ ಬೆಳಗ್ಗೆ ಏಳಕ್ಕೆ ಹನ್ನೊಂದು ಜನಕ್ಕೆ ಫೋನು. ಒಬ್ಬೊಬ್ಬರಿಗೆ ಹತ್ತು ಸೆಕೆಂಡು. ಹಿಂಸೆ ತಡೆಯೋ ಯೋಜನೆ ಅಂದ್ರೆ ಇದೇನಾ ದಫೇದಾರ್ರೇ?" ಎಂದು ಹೋದ ತಿಂಗಳು ಠಾಣೆಯಲ್ಲಿ ಅವಳು ಕೇಳಿದ್ದಳು.

"ಮೂರು ವರ್ಷದಿಂದ ಏನೂ ಆಗಿಲ್ಲ ಮೇಡಂ."

"ಏನೂ ಆಗಿಲ್ಲ ಅನ್ನೋದನ್ನ ನಾನು ಯಾವ ಕಾಲಂನಲ್ಲಿ ಬರೀಲಿ?"

ದಫೇದಾರರು ಕನ್ನಡಕ ಒರೆಸುತ್ತ ನಕ್ಕರು. "ಖಾಲಿ ಬಿಡಿ. ಖಾಲಿ ಇದ್ರೇನೇ ಚೆಂದ."

ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವ ಮುದುಕ ಎಂದುಕೊಂಡಳು. ಪರಿಣಾಮ ಶೂನ್ಯ, ಮುಚ್ಚುವುದು ಲೇಸು ಎಂದು ಕಡ್ಡಿ ಮುರಿದಂತೆ ಬರೆದಳು. ಫೋನಿನಲ್ಲಿ ಏನು ಮಾತಾಡುತ್ತೀರಿ ಎಂದು ಮಾತ್ರ ಕೇಳಲಿಲ್ಲ. ನಮೂನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

*

ಈಗ ಅಂಗಳಕ್ಕಿಳಿದು ಕೊನೆಯ ಕುರ್ಚಿಯವನನ್ನು ಕೇಳಿದಳು. "ನಿಮಗೆ ಸುದ್ದಿ ಯಾರು ಹೇಳಿದ್ರು?"

"ಯಾರೂ ಇಲ್ಲ. ಬೆಳಗ್ಗೆ ಫೋನ್ ಬರ್ಲಿಲ್ಲ. ಒಂದಿನ ಬರ್ಲಿಲ್ಲ ಅಂದ್ರೆ ಮನೆಗೆ ಬಂದ್ಬಿಡು ಅಂದಿದ್ರು."

"ಫೋನಲ್ಲಿ ಏನು ಹೇಳೋರು?"

"'ಇದೀಯಾ?' ಅನ್ನೋರು. 'ಇದೀನಿ' ಅಂದ್ರೆ ಇಟ್ಬಿಡೋರು."

"ಅಷ್ಟೇನಾ?"

"ಅಷ್ಟನ್ನಾದ್ರೂ ಇನ್ಯಾರು ಕೇಳ್ತಾರೆ ಮೇಡಂ?"

ಅವಳಿಗೆ ನಾಚಿಕೆಯಾಯಿತು. ತಲೆ ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತೇ. ಬಾರದವನು ಡ್ರಾಯಿಂಗ್ ಮೇಷ್ಟ್ರು. ಈ ಬೀದಿಯ ಕೊನೆಯಲ್ಲಿರುವ ಶಾಲೆ ಅವನನ್ನು ಕೆಲಸದಿಂದ ತೆಗೆದಿತ್ತು. ಮಧ್ಯಾಹ್ನದ ಗಂಟೆಗೆ ಮಕ್ಕಳು ಹೊರಬರುವಾಗ ಒಬ್ಬರನ್ನೂ ಬಿಡುವುದಿಲ್ಲ ಎಂದು ಅವನು ಬರೆದ ಪತ್ರ ಕಡತದ ಮೊದಲ ಹಾಳೆ.

ಒಳಗೋಡಿ ದಫೇದಾರರ ಫೋನಿನಿಂದಲೇ ಕರೆ ಮಾಡಿದಳು. ಆ ಕಡೆ ಎತ್ತಿದರು. ಬರೀ ಉಸಿರು.

"ಇದೀಯಾ?" ಎಂದಳು.

"ನೀವು ಅವರಲ್ಲ," ಎಂದಿತು ದನಿ.

"ಅವರು ಹೋಗ್ಬಿಟ್ರು. ಮನೆಗೆ ಬನ್ನಿ ಮೇಷ್ಟ್ರೇ, ದಮ್ಮಯ್ಯ."

ಫೋನಿನೊಳಗೆ ಶಾಲೆಯ ಗಂಟೆ ಹೊಡೆಯಿತು. ಅದೇ ಗಂಟೆ, ಅದೇ ಗಳಿಗೆಯಲ್ಲಿ, ತೆರೆದ ಬಾಗಿಲಿನಿಂದ ಅವಳ ಇನ್ನೊಂದು ಕಿವಿಗೂ ಬಿತ್ತು.

"ನಿಮ್ಮ ಹನ್ನೊಂದನೆಯವರು, ಡ್ರಾಯಿಂಗ್ ಮೇಷ್ಟ್ರು, ಶಾಲೆ ಹತ್ರಾನೇ ಇದಾರೆ, ಕಿವಿಗೆ ಫೋನ್ ಇಟ್ಕೊಂಡು!" ಎಂದು ಕಿರುಚಿದಳು.

ಹತ್ತೂ ಜನ ಎದ್ದರು. ಒಬ್ಬರನ್ನೊಬ್ಬರು ನೋಡದೆ, ಸದ್ದಿಲ್ಲದೆ, ಬೀದಿಗುಂಟ ಸರಸರ ನಡೆದರು. ಅವಳು ಏದುಸಿರು ಬಿಡುತ್ತ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಅವರು, ಹೆಗಲ ಚೀಲದೊಳಗೆ ಕೈ ಹಾಕಿದ್ದ ಮೇಷ್ಟ್ರ ಸುತ್ತ ನಿಂತಾಗಿತ್ತು. ಮಕ್ಕಳು ಅವರ ಮಗ್ಗುಲಲ್ಲೇ ಕೂಗಾಡುತ್ತ ಓಡಿಹೋಗುತ್ತಿದ್ದರು. ಆ ಗದ್ದಲದ ನಡುವೆ ಒಬ್ಬರಾದ ಮೇಲೆ ಒಬ್ಬರು, ತಗ್ಗಿದ ದನಿಯಲ್ಲಿ, ಒಂದೇ ಮಾತು ಕೇಳುತ್ತಿದ್ದರು.

"ಇದೀಯಾ?"

"ಇದೀಯಾ?"

ಹತ್ತನೆಯವನೂ ಕೇಳಿ ಮುಗಿಸಿ, ಪಕ್ಕಕ್ಕೆ ಸರಿದು, ಇನ್ನು ನಿಮ್ಮ ಸರದಿ ಎಂಬಂತೆ ಅವಳಿಗೆ ದಾರಿ ಬಿಟ್ಟ. ಮೇಷ್ಟ್ರ ಕೈ ಇನ್ನೂ ಚೀಲದೊಳಗೇ ಇತ್ತು.