ಲಿವರಿನ ಬುಡದ ಬಟ್ಟೆ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಳೆಗಾಲದಲ್ಲಿ, ಒಂದು ಮುದಿ ಕಾರಿತ್ತು. ಅದರ ಗೇರ್ ಲಿವರಿನ ಬುಡವನ್ನು ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಬುಶ್ ಸವೆದು ಪುಡಿಯಾಗಿ, ಲಿವರ್ ಅಲುಗಾಡುವ ಹಲ್ಲಿನಂತೆ ತೊನೆಯುತ್ತಿತ್ತು. ಕಾರಿನ ಒಡತಿ, ಬಟ್ಟೆ ಹೊಲಿಯುವ ಅಮ್ಮನ ಒಬ್ಬಳೇ ಮಗಳು, ಬುಶ್ಶಿನ ಜಾಗಕ್ಕೆ ಅಂಚಿನಲ್ಲಿ ನೀಲಿ ಗೆರೆಯಿದ್ದ ಒಂದು ಬಟ್ಟೆಯ ಚೂರು ತುರುಕಿ, "ನಾಳೆ ಸರಿ ಮಾಡ್ತೀನಿ, ನನ್ನ ರಾಜ" ಎಂದು ಕಾರಿಗೆ ಮಾತು ಕೊಟ್ಟಳು.

ಆ ನಾಳೆ ಬರಲೇ ಇಲ್ಲ. ಅವಳ ಕೈಯೇ ಪಳಗಿಬಿಟ್ಟಿತು. ಎರಡನೇ ಗೇರಿಗೆ ಲಿವರನ್ನು ತುಸು ಎತ್ತಿ, ಎಡಕ್ಕೆ ಒರಗಿಸಿ, ಆಮೇಲೆ ಹಿಂದಕ್ಕೆಳೆಯಬೇಕು. ಕೈ ಹಾಗೆ ಮಾಡುತ್ತಿದೆ ಎಂಬುದೂ ಅವಳಿಗೆ ಮರೆತುಹೋಯಿತು. ದಿನಾ ಕುಂಟನ ಜೊತೆ ನಡೆದವರಿಗೆ ಕುಂಟು ಕಾಣುವುದಿಲ್ಲವಷ್ಟೆ.

ಬೇಸಿಗೆಯಲ್ಲಿ ಅಮ್ಮನಿಗೆ ಕಾರು ಕಲಿಯುವ ಆಸೆಯಾಯಿತು. "ನಮ್ಮಕ್ಕನ ಮನೆಗೆ ಹೋಗೋಕೆ ಯಾರ ಮುಲಾಜೂ ಬೇಡ ನೋಡು." ಆದರೆ ಅಮ್ಮನ ಕೈಗೆ ಎರಡನೇ ಗೇರು ಬೀಳಲೊಲ್ಲದು. ಕಾರು ಕರಕರ ಹಲ್ಲು ಕಡಿಯಿತು. ಬೀದಿಯವರೆಲ್ಲ ನೋಡುತ್ತಿದ್ದಾಗಲೇ ಮಗಳು ಸಿಡುಕಿದಳು: "ಕೈಯೋ ಕೊರಡೋ ಅಮ್ಮ ನಿಂದು?"

ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಆ ಕೈಯನ್ನು ಅಮ್ಮ ಮಡಿಲಿಗೆಳೆದುಕೊಂಡಳು. "ಬಿಡೇ, ಈ ವಯಸ್ಸಿಗೆ ನಂಗೆ ಒಗ್ಗಲ್ಲ." ಆಮೇಲೆ ಕಾರಿನ ಸುದ್ದಿ ಎತ್ತಲಿಲ್ಲ; ಅಕ್ಕನ ಮನೆಯ ಸುದ್ದಿಯನ್ನೂ.

ಮೊನ್ನೆ ಬ್ರೇಕ್ ರಿಪೇರಿಗೆ ಬಿಟ್ಟಾಗ ಮೆಕ್ಯಾನಿಕ್ ನಕ್ಕ. "ಏನಮ್ಮಾ, ಎರಡನೇ ಗೇರ್ ಹಾಕೋಕೆ ಮಂತ್ರ ಗಿಂತ್ರ ಇದೆಯಾ? ನಂಗೇ ಬೀಳ್ತಿಲ್ವಲ್ಲ!"

ಆಗ ಮಗಳಿಗೆ ತಾನು ತುರುಕಿದ್ದ ಬಟ್ಟೆ ನೆನಪಾಯಿತು. ಹೊಸ ಬುಶ್ ಅಂದೇ ಕೊಂಡಳು. ಆದರೆ ಲಿವರ್ ಬಿಚ್ಚಿದರೆ ಅಮ್ಮನ ಮುಂದೆ ತನ್ನ ಗುಟ್ಟೂ ಬಿಚ್ಚಿಕೊಳ್ಳುತ್ತದಲ್ಲ! ಬುಶ್ ಪರ್ಸಿನಲ್ಲೇ ಉಳಿಯಿತು.

ಇಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಕೂತಳು. ಲಿವರಿನ ತಲೆಯ ಗುಂಡು ತಿರುಗಿಸಿ ತೆಗೆದಳು, ರಬ್ಬರ್ ಕವರನ್ನು ಮೇಲಕ್ಕೆ ಸುಲಿದಳು, ಸ್ಪ್ರಿಂಗ್ ಲಾಕನ್ನು ಇಕ್ಕಳದಿಂದ ಬಿಡಿಸಿ ಲಿವರನ್ನು ಎತ್ತಿದಳು. ಜೊತೆಗೇ ಗ್ರೀಸಿನಲ್ಲಿ ಕರ್ರಗಾದ ಬಟ್ಟೆ ಬಂತು.

ಕಾರಿನ ಬಾಗಿಲ ಬಳಿ ನಿಂತಿದ್ದ ಅಮ್ಮ ಬಗ್ಗಿ ಅದನ್ನು ಎತ್ತಿಕೊಂಡಳು. ಅಂಚಿನಲ್ಲಿ ನೀಲಿ ಗೆರೆ ಇನ್ನೂ ಇತ್ತು.

"ಇದು ನನ್ನ ಹೊಲಿಗೆ ಬುಟ್ಟೀದು. ಯಾವಾಗ ತುರುಕಿದೆ?"

"ಮಳೆಗಾಲದಲ್ಲಿ."

"ಅಂದ್ರೆ ನಾನು ಕಲೀವಾಗ್ಲೂ..."

"ಹೂಂ, ಒಳಗೇ ಇತ್ತು. ಕೊರಡು ನಿನ್ನ ಕೈಯಲ್ಲಮ್ಮ." ಮಗಳು ಪರ್ಸಿನಿಂದ ಬುಶ್ ತೆಗೆದಳು.

ಅಮ್ಮ ಬಟ್ಟೆಯನ್ನು ಬೆರಳಲ್ಲಿ ಹೊಸಕಿ ನೋಡಿದಳು. "ತೇಪೆ ಹಾಕೋಕೂ ಬಟ್ಟೆ ನೋಡ್ಬೇಕು ಕಣೇ. ಈ ತೆಳು ಲೈನಿಂಗ್ ಬಟ್ಟೆ ಎಷ್ಟು ದಿನ ತಡೆಯತ್ತೆ, ಪೆದ್ದಿ? ಸ್ವಲ್ಪ ಸರಿ, ನಾನೂ ನೋಡ್ತೀನಿ."

ಮಗಳು ಗ್ರೀಸ್ ಬಳಿದು ಹೊಸ ಬುಶ್ ಕೂರಿಸಿದಳು. ಲಿವರ್ ಇಳಿಯಿತು. ಸ್ಪ್ರಿಂಗ್ ಲಾಕ್ ಮಾತ್ರ ಗ್ರೀಸ್ ಮೆತ್ತಿದ ಅವಳ ಬೆರಳಿಂದ ಜಾರುತ್ತಲೇ ಇತ್ತು. ಅಮ್ಮ ಕೈ ಹಾಕಿ ಹೆಬ್ಬೆರಳಿಂದ ಒಮ್ಮೆ ಒತ್ತಿದಳು. ಟಕ್!

ಕವರ್ ಎಳೆದು, ಗುಂಡು ತಿರುಗಿಸಿದ್ದಾಯಿತು. ಅಮ್ಮ ಡ್ರೈವರ್ ಸೀಟಿಗೇರಿ ಕ್ಲಚ್ ತುಳಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಎರಡನೇ ಗೇರು ಬಿತ್ತು.