ಸೊನ್ನೆಯ ಎಡಗಡೆಯ ಗೆರೆ

ಮಂಜು, ಇವತ್ತಿನ ಮಂಜು ಜೊಂಡಿನ ತಲೆಯನ್ನೂ ಬಿಟ್ಟಿಲ್ಲ, ನಲುಬಾಲೆ ಸರೋವರ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ದೇವರಿಗೇ ಗೊತ್ತು, ದಡಕ್ಕೆ ಬಡಿಯುವ ನೀರಿನ ಸದ್ದಷ್ಟೇ, ಮತ್ತೆ ಆ ಕೆಮ್ಮು, ಸ್ಸಾಲೊಂಗೊ ಬಂದಿದ್ದಾರೆ, ಅವಳಿ ಮಕ್ಕಳ ತಂದೆಗೆ ಊರು ಕೊಡುವ ಹೆಸರು ಅದು, ಸ್ವಂತ ಹೆಸರು ಯಾರಿಗೂ ನೆನಪಿಲ್ಲ, ಇಗರ್ಜಿಯ ಆಸ್ಪತ್ರೆಯ ಹೆರಿಗೆ ದೋಣಿ ನಡೆಸುವವರು – ಹೋಗಿ ಮಂಡಿಯೂರಿದೆ, ಹಿರಿಯರಿಗೆ ಇಲ್ಲಿನ ಹೆಣ್ಣುಮಕ್ಕಳ ನಮಸ್ಕಾರ ಹಾಗೇ, ರಾತ್ರಿ ಹೇಗೆ ಕಳೀತು ಸ್ಸೆಬೊ, ಅಯ್ಯಾ, ಎಂದೆ, ಅವರು ಹಗ್ಗ ಸುತ್ತುತ್ತಲೇ ಇದ್ದರು, ಹಗೆಗಾರ ಕೇಳಿದರೂ ಚೆನ್ನಾಗಿ ಕಳೀತು ಅನ್ನುವ ನಾಡು ಇದು, ಮೂರು ಮಳೆಗಾಲದಿಂದ, ಇಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಅಂದರೆ ಒಂದೂವರೆ ವರ್ಷದಿಂದ, ನನ್ನ ಬೆಳಗಿನ ಪ್ರಶ್ನೆಗಳೆಲ್ಲ ಅವರಲ್ಲೇ ಉಳಿದಿವೆ, ಉಳಿಯಲಿ, ತಪ್ಪು ನನ್ನದು, ಆ ಗೆರೆ, ಸೊನ್ನೆಯ ಎಡಗಡೆಗೆ ಇರಬೇಕಿದ್ದ ಒಂದು ಗಿಡ್ಡ ಗೆರೆ – ಭೂಮಧ್ಯರೇಖೆ ನಮ್ಮ ಸರೋವರವನ್ನೇ ಸೀಳಿ ಹೋಗುತ್ತದೆ, ಉತ್ತರದ ಊರಿಗೆ ಬರೀ ಅಂಕಿ ಸಾಕು, ದಕ್ಷಿಣದ ಊರಿಗೆ ಅಂಕಿಯ ಎಡಕ್ಕೆ ಗೆರೆ ಬೇಕು, ದೂರದ ದೇಶದವರು ಅದನ್ನು ಮರೆತರೆ ಊರು ಬೇರೆ ಖಂಡಕ್ಕೇ ಹಾರುತ್ತದೆ, ತಪ್ಪು ತಾನೇ ಕೂಗಿ ಹೇಳುತ್ತದೆ, ನಮ್ಮಲ್ಲಿ ಮರೆತರೆ ಎಂಟು ಮೈಲಿ ಸರಿಯುತ್ತದೆ ಅಷ್ಟೆ, ಅದೇ ನೀರು, ಅದೇ ಜೊಂಡು, ಯಾರಿಗೆ ಗೊತ್ತಾಗಬೇಕು. ಲುವುಂಗು ಊರನ್ನು ದೋಣಿಗೆ ದಾರಿ ತೋರುವ ಆಸ್ಪತ್ರೆಯ ನಕ್ಷೆಗೆ ಸೇರಿಸುವಾಗ ನಾನು ಗೆರೆ ಬಿಟ್ಟೆ. ಅಲ್ಲಿನ ನಾಬುಕೀರಾಳಿಗೆ ಹೆರಿಗೆ ನೋವು ಬಂದ ದಿನವೂ ಹೀಗೇ ಮಂಜು, ನನ್ನ ಮೂಗು ದಕ್ಷಿಣ ಅಂತಿದೆ ಕಣಮ್ಮ, ನಿನ್ನ ಡಬ್ಬಿ ಉತ್ತರ ಅಂತಿದೆ, ಎಂದರು ಸ್ಸಾಲೊಂಗೊ, ನಾನು ನಕ್ಕುಬಿಟ್ಟೆ, ನಿಮ್ಮ ಮೂಗಿಗೆ ಮೀನಿನ ವಾಸನೆ ಬಿಟ್ರೆ ಇನ್ನೇನು ಗೊತ್ತು, ಮೊದಲ ಸಲ ನನ್ನ ಮಾತು ನಂಬಿ ಉತ್ತರಕ್ಕೆ ಹೋದರು, ಬರೀ ಜೊಂಡು, ತಿರುಗಿ ಲುವುಂಗು ಮುಟ್ಟುವ ಹೊತ್ತಿಗೆ ನಾಬುಕೀರಾಳ ಮಗು ಉಸಿರಾಡುತ್ತಿರಲಿಲ್ಲ.

ಫೋನು, ಅದೇ ನಾಬುಕೀರಾಳ ಅತ್ತೆ, ನೀರು ಒಡೀತು ಗೌಡೆನ್ಸಿಯಾ, ದೋಣಿ ಕಳ್ಸೇ ತಾಯಿ, ಈ ಸಲ ಲುವುಂಗುಗೇ ಕಳ್ಸು – ಆ ಕೊನೆಯ ಮಾತು ಮುಳ್ಳಿನ ಹಾಗೆ – ಆಸ್ಪತ್ರೆಯ ಜಾಲತಾಣ ತೆರೆದೆ, ನಕ್ಷೆಯೇ ಇಲ್ಲ, ಬೂದಿ ಬಣ್ಣದ ಮೇಲೆ ಊರುಗಳ ಗುರುತುಗಳಷ್ಟೇ ನೇತಾಡುತ್ತಿವೆ, ನೆಲದ ಚಿತ್ರ ಕೊಡುತ್ತಿದ್ದ ಕಂಪನಿ ರಾತ್ರೋರಾತ್ರಿ ಕೈಬಿಟ್ಟಿದೆ, ಹಿಂದೆ ನಿಂತ ದಾದಿ ಫೆಬ್ರೋನಿಯಾ, ಇದೇನೇ, ಹೊರಗೆ ಸಾಲದು ಅಂತ ನಿನ್ನ ನಕ್ಷೆಗೂ ಮಂಜು ಕವಿದಿದೆಯಲ್ಲೇ, ಕರ್ತನೇ, ದಾರಿಯಿದೆ – ನಕ್ಷೆ ತೋರಿಸುವ ಈ ತಂತ್ರಾಂಶ ಕಟ್ಟಿದ ಪುಣ್ಯಾತ್ಮರು ಯಾರೋ, ಯಾವ ಊರಿನವರೋ, ಕಾಸು ಕೇಳದೆ ಲೋಕಕ್ಕೆ ಬಿಟ್ಟರು, ಜಪಮಾಲೆಯಲ್ಲಿ ಒಂದು ಮಣಿ ದಿನವೂ ಅವರಿಗೆ – ನಕ್ಷೆ ಕೊಡುವವರು ಹಲವರು, ಒಬ್ಬೊಬ್ಬರದು ಒಂದೊಂದು ರೀತಿ, ಒಬ್ಬರು ಉತ್ತರ ಮೊದಲು ಹೇಳು ಅನ್ನುತ್ತಾರೆ, ಇನ್ನೊಬ್ಬರು ಪೂರ್ವ ಮೊದಲು, ಈ ತಂತ್ರಾಂಶವೋ ಹೆಣ್ಣು ಕೇಳುವ ದಿನ ಎರಡು ಮನೆಯ ನಡುವೆ ನಿಲ್ಲುವ ಮಾತುಗಾರನ ಹಾಗೆ, ನೀವು ನಿಮ್ಮ ಮಾತು ನನಗೆ ಹೇಳಿ, ಅವರವರಿಗೆ ಒಪ್ಪುವ ಹಾಗೆ ನಾನು ಹೇಳುತ್ತೇನೆ, ಎನ್ನುತ್ತದೆ, ಕೈಬಿಟ್ಟವರ ಹೆಸರು ಅಳಿಸಿದೆ, ಬೇರೆಯವರ ಹೆಸರು ಬರೆದೆ, ಒಂದೇ ಪದ, ಆಮೇಲೆ ಕಣ್ಣು ಮುಚ್ಚಿ ತೆರೆದೆ – ನೀರು ಬಂತು, ದಡ ಬಂತು, ಜೊಂಡಿನ ಹಸಿರು ಬಂತು, ನನ್ನ ನಲವತ್ತೊಂದು ಊರುಗಳೂ ಇದ್ದಲ್ಲೇ ಇವೆ, ತೊಟ್ಟಿಲು ಬದಲಿಸಿದರೂ ನಿದ್ದೆಗೆಡದ ಕೂಸಿನ ಹಾಗೆ, ಎಂಥ ನಿಷ್ಠೆ, ಅವತ್ತು ನನ್ನ ತಪ್ಪನ್ನೂ ಇಷ್ಟೇ ನಿಷ್ಠೆಯಿಂದ ಹೊತ್ತಿತ್ತಲ್ಲ, ಲುವುಂಗುವಿನ ಅಂಕಿ ತೆರೆದು ಬೆರಳಿಟ್ಟು ನೋಡಿದೆ, ಸೊನ್ನೆ, ಅದರ ಎಡಕ್ಕೆ ಗೆರೆ, ಇದೆ, ಇನ್ನೊಮ್ಮೆ, ಇದೆ.

ಸ್ಸಾಲೊಂಗೊ ನನ್ನನ್ನು ನೋಡದೆ ಫೆಬ್ರೋನಿಯಾಗೆ, ಕೇಳಮ್ಮ ಅವಳನ್ನ, ಲುವುಂಗು ಇವತ್ತು ಯಾವ ಕಡೆ ಇದೆಯಂತೆ, ಚುಚ್ಚಲಿ, ಚುಚ್ಚಲಿ, ನಾನು ಕೇಳಿದೆ, ನಿಮ್ಮ ಮೂಗು ಯಾವ ಕಡೆ ಅನ್ನುತ್ತೆ ಸ್ಸೆಬೊ, ಅವರ ಕೈ ಹಗ್ಗದ ಮೇಲೆ ನಿಂತಿತು, ದಕ್ಷಿಣ, ಎಂದರು, ನಕ್ಷೆಯೂ ಅದೇ ಅನ್ನುತ್ತೆ, ಎಂದೆ, ಇಂಜಿನ್ನು ಗುಡುಗಿತು, ಮಂಜು ದೋಣಿಯನ್ನು ನುಂಗಿತು, ಅದನ್ನು ಹತ್ತಿದ ಫೆಬ್ರೋನಿಯಾಳ ಕೈಯ ಫೋನಿನ ಬೆಳಕನ್ನೂ – ಮಣಿ ಎಣಿಸಿದೆ, ಬಾಳೆ ಎಲೆಯಲ್ಲಿ ಮಟೋಕೆ ಬಾಳೆಕಾಯಿ ಬೆಂದ ಪರಿಮಳ ಬಂತು, ಹೋಯಿತು, ಗೆರೆ ಇತ್ತಲ್ಲವೇ, ಇತ್ತು, ಎಷ್ಟು ಸಲ ನೋಡಿದೆ, ಬಿಸಿಲು ನೆತ್ತಿಗೆ ಬಂತು, ಮಂಜು ಹರಿಯಿತು, ಬೆಳ್ಳಗಿನ ನೀರಿನ ಮೇಲೆ ಒಂದು ಗಿಡ್ಡ ಗೆರೆ, ಕಪ್ಪು ಗೆರೆ, ಉದ್ದವಾಯಿತು, ದೋಣಿಯಾಯಿತು, ದೋಣಿಯಿಂದ ಅಳು, ಸಣ್ಣ, ಸಿಟ್ಟಿನ, ಜೀವಂತ ಅಳು, ಗಂಡು ಕಣೇ, ಬಾಯಿ ಕೇಳು, ಮಾರ್ಕೆಟ್ಟಿನ ಹೆಂಗಸರಿಗಿಂತ ಜೋರು, ಎಂದು ಫೆಬ್ರೋನಿಯಾ ಕೂಗುತ್ತಿದ್ದಾಳೆ, ನಾಬುಕೀರಾ ಚಾದರದೊಳಗಿಂದ ನನ್ನ ಕಡೆ ನೋಡಿದಳು, ನಾನು ದಡದಲ್ಲೇ ಮಂಡಿಯೂರಿದ್ದೇನೆ, ಯಾವಾಗ ಊರಿದೆನೋ – ಸ್ಸಾಲೊಂಗೊ ಹಗ್ಗ ಕಟ್ಟಿದರು, ಮೊಣಕಾಲಿನಿಂದ ಕೆಳಗೆ ನೀರು ಸೋರುತ್ತ ನನ್ನ ಮುಂದೆ ಬಂದು ನಿಂತರು, ನಡುಮಧ್ಯಾಹ್ನ, ಮೆಲ್ಲಗೆ, ನನಗೊಬ್ಬಳಿಗೇ ಕೇಳುವಷ್ಟು, ರಾತ್ರಿ ಚೆನ್ನಾಗೇ ಕಳೀತು ಮಗಳೇ, ಎಂದರು, ನಿಂದು ಹೇಗೆ ಕಳೀತು – ಅವರ ಹೆಗಲಿನಾಚೆ ದೂರದ ನೀರಿನಲ್ಲಿ ಇನ್ನಾರದೋ ಮೀನಿನ ದೋಣಿ, ಬಿಳಿಯ ಮೇಲೆ ಒಂದು ಗಿಡ್ಡ ಗೆರೆ, ಒಂದೇ ಒಂದು ಗೆರೆ –