ಎಲೆಡಬ್ಬಿಯಲ್ಲಿ ಒಂಬತ್ತು ವೋಲ್ಟ್

ಸಂಗೀತ ಕೇಳುವಾಗ ಬಾಯಿಗೆ ಬೀಗ ಹಾಕಿಕೊಂಡು ಕೂರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಡುವವರು ಜೀವ ತೇಯ್ದು, ತಾಳ ಒಂದು ಸುತ್ತು ಮುಗಿಸಿ ಮೊದಲ ಪೆಟ್ಟಿಗೆ ಸರಿಯಾಗಿ ಬಂದು ಕೂರುತ್ತಾರೆ. ಅದಕ್ಕೆ ಸಮ್ ಎನ್ನುತ್ತಾರೆ. ಆಗ ಒಂದು 'ಭಲೇ' ಅನ್ನದವರು ಸಭೆಗೆ ಯಾಕೆ ಬರಬೇಕು? ನಮ್ಮ ಗದಗಿನ ಕಡೆ ಹಾಗೆ ಸುಮ್ಮನೆ ಕೂತವನನ್ನು 'ಮೈಯಾಗ ಹುಷಾರಿಲ್ಲೇನ್ರೀ' ಎಂದು ಕೇಳುತ್ತಾರೆ. ನಾನು ಯಲಹಂಕದಿಂದ ಯಶವಂತಪುರದವರೆಗೆ ಎಲ್ಲಿ ಕಛೇರಿಯಾದರೂ ಹೋಗಿ ಭಲೇ ಎಂದು ಬಂದವನು. 'ಭಲೇ ಸಂಗಮೇಶ' ಎಂದು ನನ್ನ ಬೆನ್ನ ಹಿಂದೆ ಕರೆಯುತ್ತಾರಂತೆ. ಕರೆಯಲಿ.

ಅಂಥ ನಾನು ಈ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಕಲ್ಲಿನಂತೆ ಕೂತಿದ್ದೆ. ಅದಕ್ಕೆ ಕಾರಣ ಅಪ್ಪಾಸಾಹೇಬ ಮಾಸ್ತರು.

ಮಾಸ್ತರು ಕೆಂಪಾಪುರದಲ್ಲಿ ಮೂವತ್ತು ವರ್ಷದಿಂದ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತಿದ್ದಾರೆ. ಜೂನ್ ಮೊದಲ ವಾರ ಬಚ್ಚಲಲ್ಲಿ ಜಾರಿಬಿದ್ದು ಬಲಗಾಲಿನ ತೊಡೆಮೂಳೆ ಮುರಿದುಕೊಂಡರು. ಆರು ವಾರ ಮಂಚ ಬಿಟ್ಟು ಇಳಿಯುವಂತಿಲ್ಲ. ಅಷ್ಟರಲ್ಲೇ ಅವರ ಶಿಷ್ಯೆ ಪದ್ಮಶ್ರೀಯ ಕಛೇರಿ ನಿಗದಿಯಾಗಿತ್ತು.

ಪದ್ಮಶ್ರೀ ಆರ್.ಟಿ. ನಗರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಹನ್ನೊಂದು ವರ್ಷದಿಂದ ಮಾಸ್ತರ ಹತ್ತಿರ ಕಲಿಯುತ್ತಿದ್ದಾಳೆ. ಮಾಸ್ತರ ಶಿಷ್ಯರೆಲ್ಲ ನನ್ನನ್ನು ಕಾಕಾ ಅನ್ನುವುದರಿಂದ ಅವಳಿಗೂ ನಾನು ಕಾಕಾ. ಕಂಠ ಬಂಗಾರ, ಧೈರ್ಯ ಮಾತ್ರ ಇಷ್ಟೇ ಇಷ್ಟು. ಹೋದ ವರ್ಷ ಹೆಬ್ಬಾಳದಲ್ಲಿ ಹಾಡಲು ಕೂತಾಗ ಮುಂದಿನ ಸಾಲಿನವರೆಲ್ಲ ಫೋನ್ ಎತ್ತಿ ಹಿಡಿದರು. ಇಪ್ಪತ್ತು ನಿಮಿಷಕ್ಕೆ ಕೈಮುಗಿದು ಎದ್ದುಬಿಟ್ಟಳು. "ತಪ್ಪು ಹಾಡಿದ್ದೆಲ್ಲ ಅವರ ಜೇಬಲ್ಲಿ ಉಳ್ಕೊಂಡುಬಿಡುತ್ತೆ ಕಾಕಾ, ಅದೇ ತಲೇಲಿ ಓಡ್ತಿತ್ತು" ಎಂದು ಅತ್ತಳು. ಈ ಸಲ ಮಾಸ್ತರಿಗೆ ನೇರವಾಗಿ ಹೇಳಿದ್ದಳು: "ಇದೊಂದು ಕಛೇರಿ ಗುರುಗಳೇ. ಇದೂ ಕೈಕೊಟ್ರೆ ನಿಮ್ಮ ತಂಬೂರಿ ತಂದು ಇಟ್ಟುಬಿಡ್ತೀನಿ."

ಆ ತಂಬೂರಿ ಮಾಸ್ತರ ತಂದೆಯದು. ಕಲಿಯಲು ಶುರು ಮಾಡಿದ ಎರಡನೇ ವರ್ಷ ಅವಳ ಕೈಗೆ ಕೊಟ್ಟಿದ್ದರು. ವಾಪಸ್ ಬಂತೆಂದರೆ ಹಾಡೂ ಮುಗಿಯಿತು ಎಂದೇ ಅರ್ಥ.

"ಸಂಗಪ್ಪಾ, ಆಕಿ ಹಾಡೂದು ನಾ ಕೇಳ್ಬೇಕು" ಎಂದರು ಮಾಸ್ತರು, ಮಂಚದ ಮೇಲಿಂದ. "ನನ್ನ ಕುರ್ಚಿಮ್ಯಾಲೆ ಕುಂತು ಕೇಳಿದಂಗ ಇರಬೇಕು. ರಿಕಾರ್ಡ್ ಮಾಡಿಕೊಂಡು ಬಾ. ಆಕೀಗೆ ಗೊತ್ತಾಗಬಾರ್ದು. ಆಮ್ಯಾಲೆ ನಾನ ಹೇಳ್ತೀನಿ, ಬೈದ್ರ ನನಗ ಬೈಲಿ."

"ಫೋನ್ ಹಚ್ಚಿ ಕೇಳಸ್ತೀನಲ್ರೀ?"

"ಫೋನಿಗೆ ತಂಬೂರಿ ಅಂದ್ರ ಗದ್ದಲ. ತಂಬೂರಿ ನುಂಗಿ ಬರೇ ಮಾತು ಕೊಡ್ತೈತಿ. ತಂಬೂರಿ ಇಲ್ದ ಸುರ ಎಲ್ಲೈತಿ ಅಂತ ನಾ ಹೆಂಗ ಹೇಳ್ಲಿ?"

ಕಛೇರಿ ನಡೆಯಲಿದ್ದ ಸಭಾಂಗಣದ ಮಾಲೀಕರು ಲಕ್ಕಣ್ಣನವರು. ಯಲಹಂಕದ ಹಳೇ ಊರಿನವರು, ಹೊಲವಿದ್ದ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಿದ್ದಾರೆ. ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಆ ತಿಂಗಳು ಮಂಟಪವನ್ನು ಸಂಗೀತಕ್ಕೆ ಬಿಟ್ಟುಕೊಡುತ್ತಾರೆ. ರೆಕಾರ್ಡ್ ಮಾಡಿಕೊಳ್ಳಬಹುದೇ ಎಂದು ಅವರನ್ನು ಕೇಳಿದೆ.

"ಮೇಷ್ಟ್ರು ಕೇಳವ್ರೆ ಅಂತ ಒಪ್ಕೊಂಡಿವ್ನಿ" ಎಂದರು. "ಆದ್ರೆ ಸ್ಟ್ಯಾಂಡು ಗೀಂಡು ಏನೂ ಕಾಣ್ಬಾರ್ದು. ನೀವೊಬ್ರು ಇಟ್ರೆ ಇನ್ನೂರ್ ಜನ ಪೋನ್ ಎತ್ತಾರೆ. ಹೋದ್ ಸಲ ಹೆಬ್ಬಾಳ್ದಲ್ಲಿ ಆದಂಗೆ ಆಗೋದು ಬ್ಯಾಡ."

ಅಲ್ಲಿಂದ ನನ್ನ ಪಾಡು ಶುರುವಾಯಿತು. ಪೀಣ್ಯದ ಕಾರ್ಖಾನೆಯಲ್ಲಿ ನನ್ನದು ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಬಂದರೂ ಮಾಲು ವಾಪಸ್ ಕಳಿಸುತ್ತೇನೆ. ಅಂಥವನು ಮೊದಲಿಗೇ ಮೋಸಹೋದೆ. ಅಂಗಿಗೆ ಸಿಕ್ಕಿಸಿಕೊಂಡು ರೀಲ್ಸ್ ಮಾಡುತ್ತಾರಲ್ಲ, ಆ ತಂತಿಯಿಲ್ಲದ ಮೈಕು ತರಿಸಿದೆ. ಅದೂ ಫೋನಿನ ತಮ್ಮನೇ, ತಂಬೂರಿಯನ್ನು ಗದ್ದಲವೆಂದು ಅಳಿಸಿಹಾಕಿತು. ಸಾಲದ್ದಕ್ಕೆ ಎದೆಯ ಮೇಲೆ ಹಸಿರು ದೀಪ ಮಿಣುಕುಮಿಣುಕು ಎನ್ನುತ್ತಿತ್ತು.

ಯಶವಂತಪುರದ ಮಾರುಕಟ್ಟೆಯ ಹಿಂದೆ ನಜೀರ್ ಎಂಬವರದು ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಅವರ ಮುಂದೆ ನನ್ನ ಗೋಳು ಹೇಳಿಕೊಂಡೆ. ಅವರು ಡ್ರಾಯರಿನಿಂದ ಜೋಳದ ಕಾಳಿನಷ್ಟು ದಪ್ಪದ ಎರಡು ಮೈಕು ತೆಗೆದರು. ಎರಡಕ್ಕೂ ಕೂದಲಿನಂಥ ಕಪ್ಪು ತಂತಿ.

"ಇದು ನಾಲ್ಕೂ ಕಡೆಯಿಂದ ಕೇಳಿಸ್ಕೊಳ್ತದೆ ಸಾರ್. ಒಂದೇ ದಿಕ್ಕಿಗೆ ಕಿವಿ ಕೊಡೋ ಮೈಕೂ ಐತೆ, ಆದ್ರೆ ನೀವು ತಲೆ ತಿರುಗ್ಸಿದ್ರೆ ಹಾಡೂ ತಿರುಗ್ತದೆ. ಕನ್ನಡಕದ ಎರಡೂ ಕಡ್ಡಿಗೆ ಒಂದೊಂದು ಕಟ್ಟಿ, ನಿಮ್ಮ ಕಿವಿ ಪಕ್ಕಕ್ಕೆ. ಕೇಳೋರಿಗೆ ನಿಮ್ಮ ತಲೆಯೊಳಗೇ ಕೂತಂಗೆ ಇರ್ತದೆ."

ತಂತಿಯನ್ನು ಕಾಲರಿನ ಕೆಳಗಿನಿಂದ ಇಳಿಸಿ, ಜೇಬಿನ ಪುಟ್ಟ ರೆಕಾರ್ಡರಿಗೆ ಚುಚ್ಚಿಕೊಂಡು, ಮಾಕಳಿಯಲ್ಲಿ ನಮ್ಮ ಕಡೆಯವರ ಭಜನೆಗೆ ಹೋದೆ. ಮನೆಗೆ ಬಂದು ಕೇಳಿದರೆ ಮೆಲ್ಲಗೆ ಹಾಡಿದ್ದು ಚೆಂದ ಬಂದಿದೆ, ತಬಲಾ ಜೋರಾದ ಕಡೆಯೆಲ್ಲ ಬಟ್ಟೆ ಹರಿದಂತೆ ಚರ್ ಚರ್. ಮತ್ತೆ ನಜೀರರ ಅಂಗಡಿ.

"ತಪ್ಪು ಮೈಕಿಂದಲ್ಲ, ಊಟದ್ದು" ಎಂದರು ಅವರು. "ನಿಮ್ಮ ರೆಕಾರ್ಡರು ಇದಕ್ಕೆ ಎರಡೂವರೆ ವೋಲ್ಟ್ ಕೊಡ್ತದೆ. ಮಾತಿಗೆ ಸಾಕು, ತಬಲಾಕ್ಕೆ ಎಲ್ಲಿ ಸಾಕಾಗ್ತದೆ? ಒಂಬತ್ತು ವೋಲ್ಟ್ ಬ್ಯಾಟರಿ ಬೇಕು, ಬೇರೆ ಡಬ್ಬಿಯಲ್ಲಿ. ತಗಡಿಂದೇ ಆಗ್ಬೇಕು, ಇಲ್ಲಾಂದ್ರೆ ಪಕ್ಕದವರ ಫೋನು ಗುರ್ ಅಂತದೆ."

ನಾನು ಅಂಗಿಜೇಬಿನಿಂದ ನನ್ನ ಎಲೆಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಎಲೆ, ಅಡಿಕೆ, ಸುಣ್ಣ ಎಲ್ಲ ಹಿಡಿಯುವ ಹಿತ್ತಾಳೆ ಡಬ್ಬಿ. ನಜೀರರು ನಕ್ಕು, ಎಲೆಯನ್ನು ತಾವೇ ಹಾಕಿಕೊಂಡು, ಡಬ್ಬಿಗೆ ತೂತು ಕೊರೆದರು.

ಎರಡನೇ ಪರೀಕ್ಷೆ ಅದ್ಭುತವಾಗಿ ಬಂತು. ತಬಲಾ ತಬಲಾದಂತೆಯೇ, ತಂಬೂರಿ ತಂಬೂರಿಯಂತೆಯೇ. ಹೆಡ್‌ಫೋನ್ ಹಾಕಿಕೊಂಡು ಕೇಳಿದ ಮಾಸ್ತರು ಮಾತ್ರ ಮುಖ ಕಿವುಚಿದರು.

"ಏನ್ರೀ?"

"ಹಾಡಾವರಕಿಂತ ನಿನ್ನ ಭಲೇ ದೊಡ್ಡದೈತಿ. ತಲಿಗೆ ಸುತ್ತಿಗಿಲೆ ಹೊಡದಂಗ ಆಗತೈತಿ. ಅವತ್ತೊಂದು ದಿವಸ ಬಾಯಿ ಮುಚಗೊಂಡು ಕುಂಡ್ರು. ತೊಡಿನೂ ಬಡೀಬ್ಯಾಡ."

ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿಬಿಟ್ಟರು. ಆಗಲಿ ಎಂದೆ.

ಕಛೇರಿಯ ದಿನ ಹೊಸ ಬ್ಯಾಟರಿ ಹಾಕಿದೆ, ಶಬ್ದದ ಮಟ್ಟವನ್ನು ಯಂತ್ರಕ್ಕೆ ಬಿಡದೆ ಕೈಯಿಂದಲೇ ಹೊಂದಿಸಿದೆ. ಮುಂದಿನ ಸಾಲಿನಲ್ಲಿ ಮಾಸ್ತರು ಯಾವಾಗಲೂ ಕೂರುವ ಕುರ್ಚಿಯಲ್ಲಿ ಕೂತು, ಎಲೆಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಡಪಕ್ಕಕ್ಕೆ ಲಕ್ಕಣ್ಣನವರು ಬಂದು ಕೂತರು. ಹತ್ತು ಗಂಟೆಗೆ ಪದ್ಮಶ್ರೀ ತೋಡಿ ರಾಗ ಎತ್ತಿಕೊಂಡಳು.

ಮೊದಲ ಕಾಲು ಗಂಟೆ ಧ್ವನಿ ನಡುಗುತ್ತಿತ್ತು. ಆಮೇಲೆ ಗಾಂಧಾರದ ಮೇಲೆ ನಿಂತಳು ನೋಡಿ. ಕೆಳಗಿಳಿದ ಆ ಗಾಂಧಾರ ತಂಬೂರಿಯೊಳಗೆ ಕರಗಿ, ಯಾವುದು ತಂತಿ ಯಾವುದು ಕಂಠ ಎಂದು ತಿಳಿಯದಂತಾಯಿತು. ನನ್ನ ನಾಲಗೆ ತುದಿಗೆ ಭಲೇ ಬಂತು. ಹಲ್ಲು ಕಚ್ಚಿದೆ. ಇದೇ ಹೊತ್ತಿಗೆ ಲಕ್ಕಣ್ಣನವರು ನನ್ನ ತೊಡೆಯ ಕಡೆ ಕೈ ಚಾಚಿದರು.

"ಒಂದ್ ಎಲೆ ಕೊಡಿ ಇಂಗೆ" ಎಂದು ಪಿಸುಗುಟ್ಟಿದರು.

ರೆಕಾರ್ಡಿಂಗಿನ ವಿಷಯ ಗೊತ್ತಿದ್ದ ಮನುಷ್ಯನಿಗೆ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಹೇಳುವಂತಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ತಲೆ ಅಲ್ಲಾಡಿಸಿದೆ. "ಒಂದ್ ಎಲೆಗೂ ಇಷ್ಟೊಂದಾ?" ಎಂದು ಅವರು ಆ ಕಡೆ ತಿರುಗಿ ಕೂತರು. ಹನ್ನೆರಡು ವರ್ಷದ ಸ್ನೇಹಕ್ಕೆ ಎಲೆ ಅಡ್ಡ ಬಂತು.

ಅಷ್ಟು ಹೊತ್ತಿಗೆ ಪದ್ಮಶ್ರೀ ಪೂರ್ತಿ ಕುದುರಿದ್ದಳು. ಒಂದು ತಾನ್, ಎಂದರೆ ಸ್ವರಗಳ ವೇಗದ ಓಟ, ಹಿಡಿದು ಮೇಲೇರಿ, ತಬಲಾದವನನ್ನೇ ಗಾಬರಿಪಡಿಸುವಂತೆ ಸುತ್ತಿ ಸುತ್ತಿ, ಇನ್ನು ತಪ್ಪಿತು ಎನ್ನುವಷ್ಟರಲ್ಲಿ ಹೂವಿಟ್ಟಂತೆ ಸಮ್ಮಿಗೆ ಬಂದು ಕೂತಳು. ಕೂತವಳೇ ನನ್ನ ಕಡೆ ನೋಡಿದಳು.

ಅವಳು ಯಾವಾಗಲೂ ಹಾಗೆ ನೋಡುತ್ತಾಳೆ. ಮಾಸ್ತರ ಮನೆಯ ಪಾಠದಲ್ಲೂ ಸಮ್ಮಿಗೆ ಬಂದ ಕೂಡಲೇ ನನ್ನ ಭಲೇಗೆ ಕಾಯುತ್ತಾಳೆ. ಅದು ನನಗೆ ಆ ಕ್ಷಣದವರೆಗೂ ಹೊಳೆದೇ ಇರಲಿಲ್ಲ. ನಾನು ಕನ್ನಡಕ ಅಲುಗಾಡದಂತೆ ಕತ್ತು ನೆಟ್ಟಗೆ ಮಾಡಿ, ಡಬ್ಬಿ ಅವುಚಿಕೊಂಡು, ಹಲ್ಲು ಕಚ್ಚಿ ಕೂತಿದ್ದೆ. ಅವಳ ಮುಖ ಸಣ್ಣಗಾಯಿತು. ಕಣ್ಣು ಮುಚ್ಚಿಕೊಂಡಳು. ಆಮೇಲೆ ಕೊನೆಯವರೆಗೂ ನನ್ನ ಕಡೆ ನೋಡಲಿಲ್ಲ. ಹಾಡೇನೋ ಕೆಡಲಿಲ್ಲ. ಯಂತ್ರಕ್ಕೆ ಹೆದರುವವಳನ್ನು ಯಂತ್ರದಿಂದ ಕಾಪಾಡಲು ಹೋಗಿ, ನಾನೇ ಅವಳನ್ನು ಒಬ್ಬಂಟಿ ಮಾಡಿದ್ದೆ.

ಮುಗಿದ ಮೇಲೆ ಅವಳಾಗಿಯೇ ಹತ್ತಿರ ಬಂದಳು. "ಕಾಕಾ, ಹೇಗಿತ್ತು?"

ಸುತ್ತ ಜನ. ರೆಕಾರ್ಡರು ಇನ್ನೂ ಓಡುತ್ತಿದೆ. ಈಗ ಒಂದು ಮಾತು ಆಡಿದರೆ ಹೇಳಬಾರದ್ದೆಲ್ಲ ಬಾಯಿಗೆ ಬರುತ್ತದೆಂದು ನನಗೆ ಗೊತ್ತು. "ಮಾಸ್ತರ ಮನಿಗೆ ಬಾರವ್ವ, ಅಲ್ಲೇ ಹೇಳ್ತೀನಿ" ಎಂದು, ರೆಕಾರ್ಡರು ನಿಲ್ಲಿಸಿ, ಸ್ಕೂಟರಿನ ಕಡೆ ಓಡಿದೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಆ ಮಾತು ಅವಳಿಗೆ ಹೇಗೆ ಕೇಳಿಸಿರಬಹುದೆಂದು ಹೆಬ್ಬಾಳದ ಫ್ಲೈಓವರ್ ಹತ್ತಿರ ಬಂದ ಮೇಲೆ ತಲೆಗೆ ಬಂತು.

ಮಾಸ್ತರ ಹೆಂಡತಿ ಕಾಶವ್ವ ಬಾಗಿಲು ತೆಗೆದರು. ನಾನು ಚಪ್ಪಲಿ ಬಿಟ್ಟವನೇ ರೆಕಾರ್ಡರು ನೋಡಿದೆ. ಎರಡು ಗಂಟೆ ನಾಲ್ಕು ನಿಮಿಷ, ಪೂರ್ತಿ ಇತ್ತು. ಮಾಸ್ತರ ಕಿವಿಗೆ ಹೆಡ್‌ಫೋನ್ ಹಾಕಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಕಣ್ಣು ಮುಚ್ಚಿದರು. ಕಾಲು ಗಂಟೆ ಕಳೆದ ಮೇಲೆ ನಗತೊಡಗಿದರು.

"ಎಡಗಿವ್ಯಾಗ ಯಾರೋ ಎಲಿ ಬೇಡಾಕತ್ತಾರಲ್ಲೋ!"

ಹೆಡ್‌ಫೋನ್ ಹಾಕಿಕೊಂಡವರು ಕಿರುಚಿಯೇ ಮಾತಾಡುತ್ತಾರೆ. ಕಾಶವ್ವ ಅಡುಗೆಮನೆಯಿಂದ ಇಣುಕಿದರು. ಅದೇ ಹೊತ್ತಿಗೆ ಹೊರಗೆ ಆಟೋ ನಿಂತ ಸದ್ದು. ಬಾಗಿಲಲ್ಲಿ ಪದ್ಮಶ್ರೀ, ಎದೆಗೆ ಒರಗಿಸಿಕೊಂಡ ತಂಬೂರಿ. ಕಣ್ಣು ಕೆಂಪಗಾಗಿದ್ದವು.

"ಆಟೋ ನಿಲ್ಸಿದೀನಿ ಕಾಕಾ. ಇದನ್ನ ಇಟ್ಟು ಹೋಗ್ತೀನಿ" ಎಂದಳು. "ನೀವು ಒಂದ್ಸಲಾನೂ ಬಾಯಿ ಬಿಡ್ಲಿಲ್ಲ. ಅಷ್ಟು ಕೆಟ್ಟದಾಗಿತ್ತಾ?"

ನಾನು ಏಳುವ ಮೊದಲೇ ಮಂಚದಿಂದ ಗುಡುಗು ಬಂತು.

"ಭಲೇ! ಭಲೇ ನನ್ನ ಮಗಳ!"

ಮಾಸ್ತರಿಗೆ ಅವಳು ಬಂದದ್ದು ಗೊತ್ತೇ ಇಲ್ಲ. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿದೆ, ಗಟ್ಟಿಯಿರುವ ಎಡತೊಡೆಯನ್ನು ಪಟಪಟ ಬಡಿಯುತ್ತಿದ್ದಾರೆ. "ಎಲ್ಲಿ ಹೋಗಿದ್ದಿ, ಎಲ್ಲಿಂದ ಬಂದಿ! ನಾ ಕಲಸಿದ್ದಲ್ಲ ಇದು, ಆಕೀದ ಸ್ವಂತದ್ದು ಸಂಗಪ್ಪಾ!"

ಪದ್ಮಶ್ರೀ ತಂಬೂರಿ ಹಿಡಿದು ಹಾಗೇ ನಿಂತಿದ್ದಳು. ನಾನು ಕನ್ನಡಕ ತೆಗೆದು ಕಡ್ಡಿಯ ಮೇಲಿನ ಜೋಳದ ಕಾಳುಗಳನ್ನು ತೋರಿಸಿದೆ. ಎಲೆಡಬ್ಬಿ ತೆರೆದು ಬ್ಯಾಟರಿ ತೋರಿಸಿದೆ. ಎಲ್ಲ ಹೇಳಿದೆ. "ನಿನ್ನ ಕೇಳದ ಮಾಡಿದ್ದು ತಪ್ಪು. ಬ್ಯಾಡ ಅಂದ್ರ ಈಗ ಅಳಿಸಿಬಿಡ್ತೀನಿ" ಎಂದೆ.

ಅವಳಿಗೆ ಮೊದಲು ಸಿಟ್ಟು ಬಂತು. "ಒಂದ್ ಮಾತು ಹೇಳ್ಬಾರ್ದಿತ್ತಾ ನೀವು? ದಾರಿಯುದ್ದಕ್ಕೂ ಅತ್ಕೊಂಡು ಬಂದೆ" ಎಂದು ನನ್ನ ತೋಳಿಗೊಂದು ಗುದ್ದಿದಳು. ಆಮೇಲೆ ತಂಬೂರಿಯನ್ನು ಗೋಡೆಗೆ ಒರಗಿಸಿ, ಮಾಸ್ತರ ಕಿವಿಯಿಂದ ಹೆಡ್‌ಫೋನ್ ತೆಗೆದಳು. ಅವರು ಕಣ್ಣು ಬಿಟ್ಟು, ಅವಳನ್ನು ಕಂಡು, ಸಿಕ್ಕಿಬಿದ್ದ ಕಳ್ಳನ ಹಾಗೆ ನನ್ನ ಮುಖ ನೋಡಿದರು.

"ಅದೇ ಜಾಗ ಹಾಕಿ ಕಾಕಾ. ನಾನು ನಿಮ್ಮ ಕಡೆ ನೋಡಿದ್ದು."

ಹಾಕಿದೆ. ಅವಳು ತಲೆ ತಗ್ಗಿಸಿ ಕೇಳಿದಳು. ಅವಳ ಮುಖದಲ್ಲಿ ತಾನ್ ಏರಿದ್ದು, ಸುತ್ತಿದ್ದು, ಇಳಿದದ್ದು ನನಗೆ ಕಾಣುತ್ತಿತ್ತು. ಸಮ್ ಬಂತು. ಅವಳು ಹುಬ್ಬು ಗಂಟಿಕ್ಕಿ, ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಅಲ್ಲೇ ಮತ್ತೊಮ್ಮೆ ಕೇಳಿದಳು. ಮೂರನೇ ಸಲವೂ ಕೇಳಿದಳು.

"ಇಲ್ಲಿ ಯಾರೋ ಉಸಿರು ಬಿಗಿಹಿಡಿದಿದ್ದಾರೆ" ಎಂದಳು. "ತಾನ್ ಶುರುವಾದಾಗ ಹಿಡಿದವರು ಸಮ್ ಬರೋವರೆಗೂ ಬಿಟ್ಟಿಲ್ಲ. ಆಮೇಲೆ ಹಾ... ಅಂತ ಬಿಟ್ಟಿದ್ದಾರೆ. ತುಂಬಾ ಹತ್ತಿರದಲ್ಲಿದೆ. ಯಾರದು?"

ಮೈಕು ಇದ್ದದ್ದು ನನ್ನ ಕಿವಿಯ ಪಕ್ಕ. ಬಾಯಿ ಕಟ್ಟಿದ್ದೆ, ಕೈ ಕಟ್ಟಿದ್ದೆ. ಅದೊಂದನ್ನು ಕಟ್ಟಲು ನನಗೆ ತಿಳಿದಿರಲಿಲ್ಲ.

"ನಂದವ್ವ" ಎಂದೆ.

ಅವಳು ಹೆಡ್‌ಫೋನ್ ತೆಗೆದು ಕೆಳಗಿಟ್ಟಳು. ಆಮೇಲೆ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಹೊರಗೆ ಆಟೋದವನು ಹಾರ್ನ್ ಹಾಕಿದ. "ಇರಪ್ಪಾ, ತಂಬೂರಿ ವಾಪಸ್ ತಗೊಂಡ್ ಬರ್ತೀನಿ" ಎಂದು ಅಲ್ಲಿಂದಲೇ ಕೂಗಿದಳು. ಮಾಸ್ತರು ದಿಂಬಿಗೆ ಒರಗಿ ಕೂತು, "ಹೋಗೋದಕ್ಕ ಮೊದಲ ಅದೊಂದು ತಾನ ಇಲ್ಲೇ ಹಾಡು. ಈ ಯಂತ್ರ ಸಾಕು" ಎಂದರು.

ಅವಳು ನಿಂತುಕೊಂಡೇ ತಂಬೂರಿಯ ತಂತಿ ಮೀಟಿದಳು. ಕಾಶವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ನಾನು ಕನ್ನಡಕವನ್ನು ಮಡಚಿ ಎಲೆಡಬ್ಬಿಯ ಪಕ್ಕಕ್ಕೆ ಇಟ್ಟೆ. ತಾನ್ ಏರಿತು, ಸುತ್ತಿತು, ಹೂವಿನಂತೆ ಬಂದು ಕೂತಿತು. ಅವಳು ನನ್ನ ಕಡೆ ನೋಡಿದಳು.

"ಭಲೇ!" ಎಂದೆ. ಬೆಳಗಿನಿಂದ ಗಂಟಲಲ್ಲಿ ಕೂತಿದ್ದದ್ದು. ಎದುರು ಮನೆಯವರು ಬಾಲ್ಕನಿಗೆ ಓಡಿಬಂದು ಏನಾಯಿತೆಂದು ನೋಡಿದರು.